ಅಶ್ವತ್ಥಕಟ್ಟೆ ಮೇಲೆ ಅಪ್ಪ

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ಕೆಲಸ ಶುರು. ಇನ್ನು ಸರಿಯಾಗಿ ಹದಿನಾಲ್ಕು ದಿನ. ಹದಿನೇಳನೇ ತಾರೀಖು ಬೆಳಗ್ಗೆ ಕೆಂಗೇರಿಯ ಫ್ಲಾಟಿನಲ್ಲಿ ಹಾಲು ಉಕ್ಕಿಸಬೇಕು. ಮೂವತ್ತೊಂದು ವರ್ಷ ನಾವು ಬಾಡಿಗೆಗಿದ್ದ ಈ ಚಾಮರಾಜಪೇಟೆಯ ಮನೆಯನ್ನು ಮಾಲೀಕರು ಕೆಡವುತ್ತಾರಂತೆ. ಇಲ್ಲಿ ಎರಡು ಅಟ್ಟ, ಒಂದು ಉಗ್ರಾಣ, ಹಿತ್ತಲಲ್ಲಿ ಒಂದು ಶೆಡ್ಡು ಇವೆ. ಅಲ್ಲಿ ಅಟ್ಟ ಎಂದು ತೋರಿಸಿದ್ದು ಒಂದು ಗೂಡು. ಬೆಕ್ಕು ಮಲಗಿದರೆ ಬಾಲ ಹೊರಗಿರುತ್ತದೆ.

ನಾನು ಹೆದರುವವನಲ್ಲ. ಮೂವತ್ತನಾಲ್ಕು ವರ್ಷ ದಾಖಲೆ ಶಾಖೆಯಲ್ಲಿ ದುಡಿದು, ಹೋದ ಜೂನಿನಲ್ಲಿ ಅಧೀಕ್ಷಕನಾಗಿ ನಿವೃತ್ತನಾದವನು. ಕಡತಗಳಿಗೆ ಹೇಗೋ ಮನೆಗೂ ಹಾಗೆಯೇ: 'ಎ' ವರ್ಗ ಎಂದರೆ ಶಾಶ್ವತ, 'ಇ' ವರ್ಗ ಎಂದರೆ ನಾಶ. ನಡುವೆ ಏನೂ ಬೇಡ. ನಿಯಮ ಒಂದೇ. ಒಮ್ಮೆ ಕಟ್ಟಿದ ಕಟ್ಟನ್ನು ಮತ್ತೆ ಬಿಚ್ಚುವಂತಿಲ್ಲ. ಬಿಚ್ಚಿದವನು ಕೆಟ್ಟ.

ಮೊದಲ ಕ್ರಮವಾಗಿ ಅಮ್ಮನನ್ನು ಓಕಳಿಪುರಂನ ತಂಗಿಯ ಮನೆಗೆ ಸಾಗಹಾಕಿ ಬಂದೆ. ಎಪ್ಪತ್ತೊಂಬತ್ತಾದರೂ ಅವಳ ಕಣ್ಣು ತಪ್ಪಿಸಿ ಒಂದು ಮುರುಕು ಸೌಟೂ ಆಚೆ ಹೋಗುವುದಿಲ್ಲ. ಆಟೊ ಹತ್ತುವಾಗ ಹೇಳಿದಳು:

"ಏನ್ ಬೇಕಾದ್ರೂ ಬಿಸಾಕೋ ಶಶಿ, ನಾನ್ ಕೇಳಲ್ಲ. ನಿಮ್ಮಪ್ಪನ ಫೋಟೋ ಮಾತ್ರ ಮುಟ್ಬೇಡ. ಅದನ್ನ ನಾನೇ ಎತ್ಕೊಂಡು ಹೋಗ್ತೀನಿ. ಹೊಸ ಮನೇಗೆ ಅವ್ರು ಬಂದ ಮೇಲೇ ನಾನು ಕಾಲಿಡೋದು."

ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಕ್ಯಾಮೆರಾ ಕಂಡರೆ ಬಚ್ಚಲಿಗೆ ಹೋಗುತ್ತಿದ್ದ ಮನುಷ್ಯ. ಇರುವುದು ಅದೊಂದೇ ಫೋಟೋ, ನಿವೃತ್ತಿಯ ದಿನ ಆಫೀಸಿನವರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಎರಡು ಕಡೆ ಹಿಡಿದುಕೊಂಡು ತೆಗೆಸಿದ್ದು. ಅಮ್ಮ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ಹತ್ತು ನಿಮಿಷ ಬೈಯುತ್ತಾಳೆ. ಆಮೇಲೇ ಅವಳಿಗೆ ತಿಂಡಿ ಇಳಿಯುವುದು.

ಫೆಬ್ರವರಿ 5, ಬುಧವಾರ

ಅಟ್ಟ ಇಳಿಸಿದೆ. ಬೆನ್ನು ಹಿಡಿದುಕೊಂಡಿದೆ.

ಸಿಕ್ಕಿದ್ದು: ಮುಚ್ಚಳವಿಲ್ಲದ ಡಬ್ಬ ಹತ್ತೊಂಬತ್ತು, ಡಬ್ಬವಿಲ್ಲದ ಮುಚ್ಚಳ ಇಪ್ಪತ್ತಾರು. ಒಂದಕ್ಕಾದರೂ ಒಂದು ಕೂಡಬೇಡವೇ? ತಾಂಬೂಲದಲ್ಲಿ ಬಂದ ರವಿಕೆ ಕಣ ಅರವತ್ತಮೂರು, ಎಲ್ಲ ಯಾರಿಗೂ ಒಪ್ಪದ ಬಣ್ಣದವು. ಒಂದು ಮೂಟೆ ಮದುವೆ ಪತ್ರಿಕೆ. ಮೇಲೆ ಗಣಪತಿ ಇದ್ದಾನೆಂದು ಯಾರೂ ಹರಿದಿಲ್ಲ. ಅದರಲ್ಲಿ ಎರಡು ಜೋಡಿ ಆಗಲೇ ಬೇರೆಯಾಗಿವೆ, ಪತ್ರಿಕೆ ಮಾತ್ರ ಗಟ್ಟಿಮುಟ್ಟಾಗಿದೆ.

ಮಧ್ಯಾಹ್ನ ಕಣ್ಣು ಮುಚ್ಚಿದ್ದು ಅರ್ಧ ಗಂಟೆ. ಅಷ್ಟರಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದು, ನನ್ನ ಹೆಂಡತಿ ಭಾಗ್ಯ ನನ್ನ ಏಳು ಆಫೀಸು ಪ್ಯಾಂಟು ಕೊಟ್ಟು ಎರಡು ಸ್ಟೀಲ್ ಡಬ್ಬ ತೆಗೆದುಕೊಂಡಿದ್ದಾಳೆ.

"ಮನೆ ಖಾಲಿ ಮಾಡ್ತಿದೀವಾ, ತುಂಬಿಸ್ತಿದೀವಾ?" ಎಂದೆ.

"ಇವಕ್ಕೆ ಮುಚ್ಚಳ ಇದೆ ಕಣ್ರೀ," ಎಂದಳು.

ಫೆಬ್ರವರಿ 7, ಶುಕ್ರವಾರ

ಇವತ್ತು ದೊಡ್ಡ ಕೆಲಸ ಮುಗಿಸಿದೆ. ದೇವರ ಪಟಗಳು.

ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ನಿರ್ವಿವಾದವಾಗಿ 'ಎ'. ಮನೆದೇವರದೊಂದು ಇರಲಿ ಎಂದಳು ಭಾಗ್ಯ, ಸರಿ. ಮಿಕ್ಕವು ಇಪ್ಪತ್ತೆಂಟು. ಗಣಪತಿಯೇ ಏಳು, ತಿಮ್ಮಪ್ಪ ಐದು, ಗೆದ್ದಲು ಹಿಡಿದು ಕಾಲೇ ಇಲ್ಲದ ಒಂದು ಲಕ್ಷ್ಮಿ. ಕಸದ ಗಾಡಿಗೆ ಹಾಕುವಂತಿಲ್ಲ, ಗುಜರಿಯವನು ಮುಟ್ಟುವುದಿಲ್ಲ. ಇದಕ್ಕೆಂದೇ ಊರಿನಲ್ಲಿ ಅಶ್ವತ್ಥಕಟ್ಟೆಗಳಿವೆ. ಬೇಡವಾದ ದೇವರನ್ನು ಮರದ ಬುಡಕ್ಕೆ ಒರಗಿಸಿ ಕೈಮುಗಿದು ಬಂದರೆ ಪಾಪ ಅಂಟುವುದಿಲ್ಲ. ಆದರೆ ನಮ್ಮ ಬೀದಿಯ ಕಟ್ಟೆಯಾದರೆ ತರಕಾರಿಯವನಿಂದ ಹಿಡಿದು ಎಲ್ಲರೂ "ಏನ್ ಸಾರ್, ದೇವ್ರನ್ನೆಲ್ಲ ಬಿಟ್ಬಿಟ್ರಾ?" ಎನ್ನುತ್ತಾರೆ. ಅದಕ್ಕೇ ಗವಿಪುರಂ ಕಡೆ ಒಂದು ಕಟ್ಟೆ ನೋಡಿಟ್ಟಿದ್ದೆ.

ಭಾಗ್ಯ ಗೋಡೆಯಿಂದ ಇಳಿಸಿ ಬೋರಲು ಜೋಡಿಸಿದ್ದ ಫ್ರೇಮುಗಳನ್ನೆಲ್ಲ ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದೆ. ಅವಳು ಒಳಗಿನಿಂದ ಓಡಿಬಂದು, "ರೀ, ಒಂದ್ಸಲ ಬಿಚ್ಚಿ ನೋಡ್ರೀ," ಎಂದಳು. ಕಟ್ಟಿದ್ದನ್ನು ಬಿಚ್ಚುವಂತಿಲ್ಲ ಎಂದೆ. ಸ್ಕೂಟರಿನಲ್ಲಿ ಹೋಗಿ, ಹೆಲ್ಮೆಟ್ಟೂ ತೆಗೆಯದೆ ಅಷ್ಟನ್ನೂ ಮರದ ಕಡೆ ಮುಖ ಮಾಡಿ ಇಟ್ಟು ಬಂದೆ. ಒಟ್ಟು ನಾಲ್ಕು ನಿಮಿಷ. ಶಿಸ್ತು ಎಂದರೆ ಇದು.

ಫೆಬ್ರವರಿ 8, ಶನಿವಾರ

ಬೆಳಗ್ಗೆ ಭಾಗ್ಯ ಕೇಳಿದಳು, "ರೀ, ಮಾವನ ಫೋಟೋ ಎಲ್ಲಿಟ್ರಿ?"

ನಾನು, "ನೀನೆಲ್ಲಿಟ್ಟೆ?"

"ದೇವ್ರ ಫೋಟೋ ಜೊತೇನೇ ಇಳ್ಸಿದ್ದೆ, ಒರೆಸೋಣ ಅಂತ."

ಕೂತಲ್ಲೇ ಬೆವರಿದೆ. ಭಾಗ್ಯ ಎರಡು ನಿಮಿಷ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಆಮೇಲೆ, "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದ ಅಂತಾರೆ. ನೀವು ಗಣಪತಿ ಬಿಡೋಕೆ ಹೋಗಿ ನಿಮ್ಮಪ್ಪನ್ನೇ ಬಿಟ್ಟು ಬಂದ್ರಲ್ರೀ!" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಬಾಯಿಗೆ ಅಡ್ಡವಿತ್ತು.

ಓಡಿದೆ. ಯಾರೋ ಎಲ್ಲ ಪಟಗಳನ್ನೂ ನೀಟಾಗಿ ಹೊರಮುಖ ಮಾಡಿ ಜೋಡಿಸಿದ್ದರು. ನಡುಮಧ್ಯೆ ಅಪ್ಪ, ಆಚೆ ತಿಮ್ಮಪ್ಪ, ಈಚೆ ಕಾಲಿಲ್ಲದ ಲಕ್ಷ್ಮಿ. ಕೈ ಹಾಕಿದೆ ಅಷ್ಟೇ, ಹಿಂದಿನಿಂದ ಕಿವಿ ಕಿತ್ತುಹೋಗುವಂತೆ ಸೀಟಿ.

ಎದುರು ಮನೆಯ ಶಿವಲಿಂಗಯ್ಯನವರಂತೆ. ನಿವೃತ್ತ ಬಸ್ ಕಂಡಕ್ಟರು, ಹತ್ತು ವರ್ಷದಿಂದ ಇಲ್ಲಿದ್ದಾರೆ, ಕಟ್ಟೆಗೆ ತಾವೇ ಅಧ್ಯಕ್ಷರು. "ಫ್ರೇಮ್ ಕಳ್ಳರ ಕಾಟ ಜಾಸ್ತಿ ಆಗೋಯ್ತು! ನೋಡೋಕೆ ದೊಡ್ಡ ಮನುಷ್ಯರ ಥರ ಇದೀರಾ, ನಾಚಿಕೆ ಆಗಲ್ವಾ?" ಎಂದರು.

ಇವರು ನಮ್ಮಪ್ಪ ಎಂದು ಬಾಯಿಯವರೆಗೆ ಬಂತು. ಹೇಳಿದರೆ ಮುಂದಿನ ಪ್ರಶ್ನೆ, ಅಪ್ಪನನ್ನು ಯಾಕೆ ಇಲ್ಲಿ ಬಿಟ್ಟಿರಿ? ಅದಕ್ಕೇನು ಹೇಳಲಿ?

"ನಮಸ್ಕಾರ ಮಾಡ್ತಿದ್ದೆ," ಎಂದೆ.

"ಹಂಗಾದ್ರೆ ಮಾಡಿ." ಪಕ್ಕದಲ್ಲೇ ನಿಂತು ಮೂರು ಪ್ರದಕ್ಷಿಣೆ ಹಾಕಿಸಿದರು.

ಫೆಬ್ರವರಿ 10, ಸೋಮವಾರ

ಪರಿಸ್ಥಿತಿ ಬಿಗಡಾಯಿಸಿದೆ.

ಆ ಬೀದಿಗೆ ನಾಲ್ಕು ದಿನದಿಂದ ನೀರು ಬಂದಿರಲಿಲ್ಲವಂತೆ. ಮೂಲೆಮನೆಯ ಯಶಶ್ರೀ ಎಂಬ ಹೆಣ್ಣುಮಗಳು ನಿನ್ನೆ ಬೆಳಗ್ಗೆ ಖಾಲಿ ಬಿಂದಿಗೆ ಹಿಡಿದು ಹೋಗುತ್ತಾ, ಪೇಟ ತೊಟ್ಟ ಈ ಹೊಸ ಅಜ್ಜನನ್ನು ನೋಡಿ, ನೀರು ಬಂದರೆ ಹೂವು ತಂದಿಡುತ್ತೇನೆ ಎಂದಳಂತೆ. ಮನೆ ತಲುಪುವಷ್ಟರಲ್ಲಿ ನಲ್ಲಿ ಸೊಂಯ್ ಎಂದಿದೆ. ಈಗ ಅಪ್ಪನಿಗೆ ಹೂವು, ಊದುಬತ್ತಿ, ಹಣೆಗೆ ಕುಂಕುಮ, ಗಂಗೆ ತಾತಯ್ಯ ಎಂಬ ಹೆಸರು.

"ಯಾರ್ರೀ ಇವರು?" ಎಂದು ಗೊತ್ತಿಲ್ಲದವನಂತೆ ಶಿವಲಿಂಗಯ್ಯನವರನ್ನು ಕೇಳಿದೆ.

"ಯಾರೋ ದೊಡ್ಡ ಅನುಭಾವಿಗಳು. ಆ ಮುಖದಲ್ಲಿ ಕಳೆ ನೋಡಿ ಸಾರ್!"

ಕಳೆಯೂ ಇಲ್ಲ, ಮಣ್ಣೂ ಇಲ್ಲ. ಆ ದಿನ ಅಪ್ಪನಿಗೆ ಪೇಟ ಬಿಗಿಯಾಗಿ ತಲೆನೋವು ಬಂದಿತ್ತು. ಇಲ್ಲಿ ಬರೆದರೆ ಯಾರು ನೋಡುತ್ತಾರೆ, ಬರೆಯುತ್ತೇನೆ: ಅಪ್ಪ ವಾಲ್ವ್‌ಮ್ಯಾನ್ ಆಗಿದ್ದರು. ನಸುಕಿನಲ್ಲೇ ಎದ್ದು, ಕಬ್ಬಿಣದ ಕೀಲಿ ಹೆಗಲಿಗೇರಿಸಿ ಸೈಕಲ್ಲಿನಲ್ಲಿ ಹೋಗಿ ಬೀದಿ ಬೀದಿಗೆ ನೀರು ಬಿಡುವ ಕೆಲಸ. ಯಾವ ಬೀದಿ ಎಂದು ನಾನು ಕೇಳಿದವನಲ್ಲ. ಶಾಲೆಯಲ್ಲೂ ಆಫೀಸಿನಲ್ಲೂ "ನಮ್ಮ ತಂದೆ ನೀರು ಸರಬರಾಜು ಇಲಾಖೆಯಲ್ಲಿದ್ದಾರೆ" ಎನ್ನುತ್ತಿದ್ದೆ. ಯಾವ ಹುದ್ದೆ ಎಂದು ಯಾರಾದರೂ ಮುಂದುವರಿಸಿದರೆ ನನಗೆ ತುರ್ತು ಫೋನ್ ಬರುತ್ತಿತ್ತು.

ಸತ್ತ ಮೇಲೂ ನೀರು ಬಿಡುವುದನ್ನು ನಿಲ್ಲಿಸಿಲ್ಲ ಈ ಮನುಷ್ಯ.

ಫೆಬ್ರವರಿ 11, ಮಂಗಳವಾರ

ಯೋಜನೆ: ಅಪ್ಪನ ಜಾಗದಲ್ಲಿ ಬೇರೊಬ್ಬ ಅಜ್ಜನನ್ನಿಟ್ಟು ಅಪ್ಪನನ್ನು ಎತ್ತಿಕೊಂಡು ಬರುವುದು. ಅವೆನ್ಯೂ ರಸ್ತೆಯ ಫ್ರೇಮಿನಂಗಡಿಗೆ ಹೋಗಿ, ಪೇಟ ಹಾಕಿದ ಅಜ್ಜ ಬೇಕು ಎಂದೆ.

"ಯಾವ ಸ್ವಾಮಿಗಳು ಸಾರ್?"

"ಯಾರಾದ್ರೂ ಆಗ್ಬೋದು."

"ಯಾರಾದ್ರೂ ಅಂದ್ರೆ? ನಿಮ್ಮ ಗುರುಗಳು ಯಾರು?"

"ನಂಗೆ ಗುರುಗಳಿಲ್ಲ, ಅಜ್ಜ ಬೇಕು. ಹನ್ನೆರಡು ಬೈ ಹದಿನಾರು."

ಅಂಗಡಿಯವನು ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿದ, ಅಜ್ಜನ ಫೋಟೋವನ್ನಲ್ಲ, ನನ್ನನ್ನು. ಬರಿಗೈಲಿ ಬಂದೆ.

ಮನೆಯಲ್ಲಿ ಪ್ಯಾಕಿಂಗ್ ಎಲ್ಲಿತ್ತೋ ಅಲ್ಲೇ ಇದೆ. ಅಮ್ಮ ಫೋನ್ ಮಾಡಿದ್ದಳು. "ಏನೋ, ನಿಮ್ಮಪ್ಪ ಹೆಂಗವ್ರೆ?" ಚೆನ್ನಾಗಿದ್ದಾರೆ ಎಂದೆ. ಸುಳ್ಳಲ್ಲ. ನನಗಿಂತ ಚೆನ್ನಾಗಿದ್ದಾರೆ.

ಫೆಬ್ರವರಿ 12, ಬುಧವಾರ

ಪೇಟ ಹಾಕಿದ ಒಬ್ಬ ಮನುಷ್ಯ ಮನೆಯಲ್ಲೇ ಇದ್ದ. ನಾನೇ. ಹೋದ ಜೂನಿನ ನನ್ನ ಬೀಳ್ಕೊಡುಗೆ ಫೋಟೋ. ಅದೇ ಪೇಟ, ಅದೇ ಶಾಲು, ಅದೇ ಹಾರ. ಮೀಸೆಗೆ ಸ್ವಲ್ಪ ಸುಣ್ಣ ತಾಗಿಸಿದೆ.

ಮಧ್ಯಾಹ್ನ ಶಿವಲಿಂಗಯ್ಯನವರು ಊಟಕ್ಕೆ ಹೋದ ಸಮಯ ನೋಡಿ ನನ್ನನ್ನು ಅಪ್ಪನ ಪಕ್ಕ ಒರಗಿಸಿದೆ. ಅಪ್ಪನನ್ನು ಎತ್ತಬೇಕು, ಅಷ್ಟರಲ್ಲಿ ಬಿಂದಿಗೆ ಹಿಡಿದ ಯಶಶ್ರೀ ಬಂದಳು. ನಾನು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತೆ.

"ಶಿವಲಿಂಗಯ್ಯನೋರೇ! ಇನ್ನೊಬ್ರು ಬಂದವ್ರೆ ನೋಡಿ!"

ಶಿವಲಿಂಗಯ್ಯನವರು ಎಂಜಲು ಕೈಯಲ್ಲೇ ಬಂದು ನನ್ನ ಫೋಟೋವನ್ನು ಹತ್ತಿರದಿಂದ, ದೂರದಿಂದ ನೋಡಿದರು.

"ಯಾರೋ ಆಫೀಸ್ ಗುಮಾಸ್ತನ್ನ ತಂದಿಟ್ಟವ್ರೆ. ನೋಡಮ್ಮ, ತಾತಯ್ಯನ ಪಕ್ಕ ಇಟ್ರೆ ಗೊತ್ತಾಗುತ್ತೆ. ಇವನ ಮುಖದಲ್ಲಿ ಏನಾದ್ರೂ ಇದ್ಯಾ?"

"ಏನಿಲ್ಲ," ಎಂದಳು ಯಶಶ್ರೀ, ಅಷ್ಟೊಂದು ಖಚಿತವಾಗಿ.

ಅದನ್ನು ಎತ್ತಿ ಕಟ್ಟೆಯ ಹಿಂದೆ ಎಸೆದರು. ನಾನು ಮೂರಡಿ ದೂರದಲ್ಲೇ ಕೂತಿದ್ದೆ, ಇಬ್ಬರಿಗೂ ಗುರುತು ಸಿಗಲಿಲ್ಲ. ಅಧೀಕ್ಷಕನಾಗಿದ್ದವನಪ್ಪಾ ನಾನು! ಸಿಟ್ಟು ಬಂದಿದೆ. ಆದರೆ ಒಂದು ಮಾತು. ಪಕ್ಕಪಕ್ಕ ಇಟ್ಟಾಗ ನಾನೂ ನೋಡಿದೆ. ಅವರು ಹೇಳಿದ್ದು ತಪ್ಪಿಲ್ಲ.

ಫೆಬ್ರವರಿ 13, ಗುರುವಾರ

ತಪಾಸಣೆಗೆ ಹೋಗಿದ್ದೆ. ಅಪ್ಪನಿಗೆ ಸೇವಂತಿಗೆ ಹಾರ ಹಾಕಿದ್ದಾರೆ. ಸೇವಂತಿಗೆ ಅಂದರೆ ಅವರಿಗೆ ಸೀನು. ಶಿವಲಿಂಗಯ್ಯನವರಿಗೆ, ತಾತಯ್ಯನವರಿಗೆ ಕನಕಾಂಬರ ಶ್ರೇಷ್ಠ ಎಂದು ಹೇಳಿ, ನಾನೇ ಎರಡು ಮೊಳ ತಂದುಕೊಟ್ಟೆ. ಈಗ ನನ್ನ ಮೇಲೆ ಅವರಿಗೆ ಗೌರವ ಬಂದಿದೆ.

ಫೆಬ್ರವರಿ 14, ಶುಕ್ರವಾರ

ಎರಡು ಸಲ ತಪಾಸಣೆ.

ಜನ ಹೆಚ್ಚಿದ್ದಾರೆ. ಶಿವಲಿಂಗಯ್ಯನವರು ಸೀಟಿ ಊದಿ, "ಮುಂದೆ ಹೋಗಿ, ಮುಂದೆ ಖಾಲಿ ಇದೆ," ಎಂದು ಸಾಲು ಸರಿಪಡಿಸುತ್ತಾರೆ. ಕಟ್ಟೆಯ ಒಂದು ತುದಿಯಲ್ಲಿ ಜಾಗ ಮಾಡಿಕೊಂಡು ಕೂತು ಅಪ್ಪನಿಗೆ ಒಂದೆರಡು ವಿಷಯ ತಿಳಿಸಿದೆ. ಫ್ಲಾಟು ಮೂರನೇ ಮಹಡಿ, ನಲ್ಲಿಯಲ್ಲಿ ಒತ್ತಡ ಸಾಲದು, ಬಿಲ್ಡರ್ ಏನೋ ಸಬೂಬು ಹೇಳುತ್ತಾನೆ, ಅಂಥ ಸಾಮಾನ್ಯ ವಿಷಯ. ನೀರಿನ ವಿಚಾರವಾದ್ದರಿಂದ ಹೇಳಿದ್ದು, ಬೇರೇನಿಲ್ಲ. ಬದುಕಿದ್ದಾಗ ನಾವಿಬ್ಬರೂ ಇಷ್ಟು ಹೊತ್ತು ಒಟ್ಟಿಗೆ ಕೂತ ನೆನಪಿಲ್ಲ.

"ಸೊಪ್ಪು ತರೋಕೆ ಹೋದೋರು ಎರಡು ಗಂಟೆ ಏನ್ರೀ ಮಾಡ್ತಿದ್ರಿ?" ಎಂದಳು ಭಾಗ್ಯ. ಸೊಪ್ಪು ಮರೆತೇಬಿಟ್ಟಿದ್ದೆ.

ಸಂಜೆ ಗುಜರಿಗೆಂದು ಕಟ್ಟಿದ್ದ ಮೂರು ಚೀಲಗಳನ್ನು ಬಿಚ್ಚಿದೆ. ಒಂದರಲ್ಲಿ ಅಪ್ಪನ ಟಾರ್ಚ್ ಸಿಕ್ಕಿತು. ಸೆಲ್ ಹಾಕಿದರೆ ಉರಿಯುತ್ತದೋ ಇಲ್ಲವೋ ನೋಡಬೇಕಿತ್ತು ಅಷ್ಟೇ. ಉರಿಯಿತು.

ಫೆಬ್ರವರಿ 15, ಶನಿವಾರ

ಅಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಗೋಡೆ ನೋಡಿದಳು. ಖಾಲಿ ಮೊಳೆ.

"ಎಲ್ಲೋ?"

ಹತ್ತು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ, ಬೆಡ್‌ಶೀಟು, ಹೆಲ್ಮೆಟ್ಟು, ಯಶಶ್ರೀಯ ಬಿಂದಿಗೆ, ಗಂಗೆ ತಾತಯ್ಯ. ಅರವತ್ತು ದಾಟಿದವನು ಹೆಡ್‌ಮಾಸ್ತರ ಮುಂದೆ ನಿಂತ ಹಾಗೆ ಕೈಕಟ್ಟಿ ನಿಂತಿದ್ದೆ. ಅಮ್ಮ ಸೌಟು ಹುಡುಕುತ್ತಾಳೆ ಎಂದುಕೊಂಡೆ. ಹುಡುಕಲಿಲ್ಲ.

"ಗವಿಪುರದಾಗೆ ಯಾವ ಕಟ್ಟೆ?"

ಗುರುತು ಹೇಳಿದೆ. ಆಗ ಚಪ್ಪಲಿ ಬಿಟ್ಟು, "ನಾಳೆ ಬೆಳಗ್ಗೆ ಕರ್ಕೊಂಡ್ಹೋಗು," ಎಂದಳು. ರಾತ್ರಿ ಊಟ ಬೇಡ ಎಂದಳು. ಬೈದಿದ್ದರೇ ವಾಸಿಯಿತ್ತು. ನನಗೆ ಭಯವಾಗಿದೆ.

ಫೆಬ್ರವರಿ 16, ಭಾನುವಾರ

ಎಲ್ಲ ಕ್ರಮವಾಗಿ ಬರೆಯಬೇಕು.

ಭಾನುವಾರವಾದ್ದರಿಂದ ಕಟ್ಟೆಯ ಸುತ್ತ ನಲವತ್ತು ಐವತ್ತು ಜನ. ಅಪ್ಪನ ಮುಂದೆ ಚೊಂಬು, ತೆಂಗಿನಕಾಯಿ. ಅಮ್ಮ ಸಾಲನ್ನು ಲೆಕ್ಕಕ್ಕೇ ಇಡದೆ ಸೀದಾ ಮುಂದೆ ಹೋಗಿ ಫ್ರೇಮಿಗೆ ಕೈ ಹಾಕಿದಳು. ಸೀಟಿ ಬಿತ್ತು.

"ಅಮ್ಮಾ, ಮುಟ್ಬೇಡಿ! ದೂರದಿಂದ ನಮಸ್ಕಾರ ಮಾಡ್ಕೊಳ್ಳಿ. ಯಾರೂ ಮುಟ್ಟೋ ಹಂಗಿಲ್ಲ."

ಅಮ್ಮ ತಿರುಗಿದಳು. "ನಲವತ್ತೆಂಟು ವರ್ಷ ಇವ್ರ ಬನಿಯನ್ ಒಗ್ದಿದೀನಪ್ಪ. ಈಗ ಮುಟ್ಬಾರ್ದಾ?"

ಶಿವಲಿಂಗಯ್ಯನವರ ಬಾಯಿಂದ ಸೀಟಿ ಕಳಚಿ ಎದೆಯ ಮೇಲೆ ನೇತಾಡಿತು. ನನ್ನ ಕಡೆ ನೋಡಿದರು. "ಸಾರ್, ಏನಿದು? ಇವ್ರು ಯಾರು? ತಾತಯ್ಯ ಯಾರು?"

ಎಲ್ಲರೂ ನೋಡುತ್ತಿದ್ದರು. ತುರ್ತು ಫೋನ್ ಬರುವ ಹೊತ್ತು ಅದೇ. ಬರಲಿಲ್ಲ.

"ನಮ್ಮಪ್ಪ," ಎಂದೆ. "ದಾಸಪ್ಪ ಅಂತ. ವಾಲ್ವ್‌ಮ್ಯಾನ್ ಆಗಿದ್ರು. ನಾನೇ ತಪ್ಪಿ ಇಲ್ಲಿ ಬಿಟ್ಟು ಹೋಗಿದ್ದೆ."

ಯಶಶ್ರೀ, "ಅದಕ್ಕೇ ನೀರು ಬಂತು!" ಎಂದು ಕೂಗಿ ಇನ್ನೊಮ್ಮೆ ಅಡ್ಡಬಿದ್ದಳು. ಹಿಂದಿದ್ದವರೂ ಬಿದ್ದರು. ನಿಜ ಹೇಳಿದ್ದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು.

"ಏಳಮ್ಮ ಮೇಲೆ," ಎಂದಳು ಅಮ್ಮ. "ಹರಕೆ ಕಟ್ಕೊಂಡ್ರೆ ಇವ್ರು ನೀರು ಬಿಡ್ತಿರ್ಲಿಲ್ಲ. ನಾಲ್ಕೂವರೆಗೆ ಎದ್ದು ಬಂದು ಕೀಲಿ ತಿರುಗಿಸ್ತಿದ್ರು, ಆಗ ಬರ್ತಿತ್ತು. ಅಗೋ, ಆ ಲೈಟ್ ಕಂಬದ ಕೆಳಗಿದೆಯಲ್ಲ ಕಬ್ಬಿಣದ ಮುಚ್ಚಳ, ಅದೇ. ಮೂವತ್ತು ವರ್ಷ ಇದೇ ಬೀದಿ."

ನನಗೆ ಗೊತ್ತಿರಲಿಲ್ಲ. ಈ ಒಂಬತ್ತು ದಿನದಲ್ಲಿ ಬಂದಾಗಲೆಲ್ಲ ಆ ಮುಚ್ಚಳದ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಿದ್ದೇನೆ.

ಅಮ್ಮ ಅಪ್ಪನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೇ ಕೂತಳು. ಯಾರೂ ತಡೆಯಲಿಲ್ಲ. ಬಿಸಿಲು ಏರಿತ್ತು. ಶಿವಲಿಂಗಯ್ಯನವರು ಪಾಪ, ಕೈ ಹೊಸೆಯುತ್ತಾ, "ಗೊತ್ತಾಗ್ಲಿಲ್ಲ ಕಣಮ್ಮ. ಏನಾದ್ರೂ ತಗೋತೀರಾ? ಕಾಫಿ ಮಾಡ್ಸಲಾ?" ಎಂದರು.

"ಒಂದ್ ಲೋಟ ನೀರು ಕೊಡಪ್ಪ," ಎಂದಳು.

ಅವರು ಓಡಿಹೋಗಿ ಒಳಗಿನಿಂದ ದೊಡ್ಡ ಹಿತ್ತಾಳೆ ಲೋಟದ ತುಂಬ ನೀರು ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಮ್ಮ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಯಾರಿಗೆಂದಿಲ್ಲದೆ, ತೊಡೆಯ ಮೇಲಿದ್ದ ಅಪ್ಪನನ್ನು ನೋಡುತ್ತಾ ಹೇಳಿದಳು:

"ಬೀದಿಗೆಲ್ಲ ನೀರು ಬಿಟ್ಟು ಬಾಯಾರಿ ನಿಂತ್ರೆ, ಇದೇ ಬೀದೀಲಿ ಇವ್ರಿಗೆ ಲೋಟ ಕೊಡ್ತಿರ್ಲಿಲ್ಲ. ಕಾಂಪೌಂಡ್ ಆಚೆ ನಿಲ್ಸಿ ಮೇಲಿಂದ ಹುಯ್ಯೋರು. ಬೊಗಸೆ ಒಡ್ಡಿ ಕುಡ್ಕೊಂಡು ಬರೋರು. ಮನೇಗ್ ಬಂದು ಹೇಳ್ಬಿಟ್ಟು ನಗೋರು."

ಮನೆಯಲ್ಲಿ ಯಾರಾದರೂ ಲೋಟ ಕಚ್ಚಿ ಕುಡಿದರೆ "ಎಂಜಲು, ಎತ್ತಿ ಕುಡಿ" ಎಂದು ತಲೆಗೆ ಮೊಟಕುವ ನನ್ನ ಅಮ್ಮ, ಅಷ್ಟು ಜನರ ಮುಂದೆ, ಆ ಲೋಟವನ್ನು ತುಟಿಗಿಟ್ಟು ಕಚ್ಚಿ ಕುಡಿದಳು. ಅವಸರವಿಲ್ಲದೆ, ಪೂರ್ತಿ. ಕುಡಿದು ಲೋಟವನ್ನು ಶಿವಲಿಂಗಯ್ಯನವರ ಕೈಗೇ ಕೊಟ್ಟಳು. ಅವರು ಅದನ್ನು ಎದೆಗೊತ್ತಿ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ಇನ್ನೊಂದ್ ಲೋಟ ತರ್ಲಾಮ್ಮ?" ಎಂದರು.

"ಸಾಕು ಕಣಪ್ಪ," ಎಂದು ಎದ್ದಳು. ಅಪ್ಪನಿಗೆ, "ನಡೀರಿ, ಸಾಕಾಯ್ತು ನಿಮ್ಮ ದರ್ಬಾರು," ಎಂದಳು.

ಸ್ಕೂಟರ್ ಅಲ್ಲೇ ಬಿಟ್ಟು ಆಟೊ ಹಿಡಿದೆವು. ಸಿಗ್ನಲಿನಲ್ಲಿ ನಿಂತಾಗ ಕೇಳಿದೆ, "ಇದನ್ನೆಲ್ಲ ನಂಗೆ ಯಾಕಮ್ಮ ಹೇಳ್ಲಿಲ್ಲ?"

"ನೀನ್ ಯಾವತ್ ಕೇಳ್ದೆ?" ಎಂದಳು. ಸಿಟ್ಟಿಲ್ಲದೆ ಹೇಳಿದಳು, ಅದೇ ಇನ್ನೂ ಕಷ್ಟವಾಯಿತು.

ಅಪ್ಪನ ಮುಖದ ತುಂಬ ಕುಂಕುಮ, ಪೇಟದ ಮೇಲೆಲ್ಲ ಅಕ್ಷತೆ. ಕರವಸ್ತ್ರ ತೆಗೆದು ಒರೆಸಲು ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಬೇಡ ಬಿಡು," ಎಂದಳು. "ಇವತ್ತೊಂದ್ ದಿನ ಇರ್ಲಿ."